ತೇವದ ಮುಳ್ಳು

ನಮ್ಮೂರಲ್ಲಿ ಯಾರಾದರೂ ಅತ್ತರೆ ಮನೆಗೆ ತೇವ ಏರುತ್ತದೆ. ಒಬ್ಬರು ಒಂದು ಮಧ್ಯಾಹ್ನ ಕೂತು ಅತ್ತರೆ ಸಾಕು, ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ಸಿಟ್ಟು ಬಂದರೆ ಮನೆ ಕಾಯುತ್ತದೆ. ಜಗಳವಾದರೆ ಗಾಳಿ ಏಳುತ್ತದೆ. ಅತ್ತೆ ಸೊಸೆ ಮಾತಿಗೆ ಮಾತು ಬೆಳೆಸಿದ ದಿನ ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುವುದು ಬೀದಿಯಲ್ಲಿ ಹೋಗುವವರಿಗೂ ಕೇಳುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರಲ್ಲ, ಬೇರೆ ಊರುಗಳಲ್ಲಿ ಬಾಗಿಲು ಹಾಕಿಕೊಂಡು ಆ ತೂತನ್ನು ಮುಚ್ಚಿಕೊಳ್ಳಬಹುದೇನೋ. ನಮ್ಮಲ್ಲಿ ಹಪ್ಪಳವೇ ಹೇಳಿಬಿಡುತ್ತದೆ.

ಸಾಲದ್ದಕ್ಕೆ ನಮ್ಮವೆಲ್ಲ ಮರದ ಮನೆಗಳು, ಒಂದರ ಸೂರು ಇನ್ನೊಂದರ ಸೂರಿಗೆ ತಾಗಿಕೊಂಡವು. ಒಂದು ಮನೆಗೆ ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಹೋಗುತ್ತದೆ. ಹಾಗಾಗಿ ಪ್ರತಿ ಮನೆಯ ತೊಲೆಗೂ ಒಂದು ಹೊಗೆಗಂಟೆ ಇರಲೇಬೇಕು. ಅಂಗೈಯಗಲದ ಡಬ್ಬಿ ಅದು. ಹೊಗೆ ಒಳಹೊಕ್ಕರೆ ಹೊಡೆದುಕೊಳ್ಳುತ್ತದೆ. ಆದರೆ ಬಲು ನಾಜೂಕು. ಮನೆ ತೇವವಾಗಿದ್ದರೆ ಹೊಗೆಯಿಲ್ಲದೆಯೂ ಬಡಿದುಕೊಂಡು ಬೀದಿಯನ್ನೆಲ್ಲ ಎಬ್ಬಿಸುತ್ತದೆ, ಗಾಳಿ ಜೋರಿದ್ದರೆ ಸೂರು ಹೊತ್ತಿ ಉರಿದರೂ ಸುಮ್ಮನಿರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಗಂಟೆ ಕಚೇರಿಯವರು ಬಂದು, ಮೊದಲು ಮನೆಯ ಗಾಳಿಯನ್ನು ಅಳೆದು, ಅದು ಸರಿಯಿದ್ದರೆ ಮಾತ್ರ ಹೊಗೆ ಹಾಕಿ ಗಂಟೆಯನ್ನು ಪರೀಕ್ಷಿಸುತ್ತಾರೆ. ಆ ಕಚೇರಿಯವಳೇ ನಾನು, ಕೆಂಪಾಜಮ್ಮ.

ನನ್ನ ಚೀಲದಲ್ಲಿ ಶಾಖ ನೋಡಲು ಒಂದು ಥರ್ಮಾಮೀಟರು ಇದೆ. ಗಾಳಿ ನೋಡಲು ತೆಳು ತಗಡಿನ ಎಲೆಗಳ ಒಂದು ಪುಟ್ಟ ಚಕ್ರ, ಹತ್ತಿರದಲ್ಲಿ ಸೊಳ್ಳೆ ಹಾರಿದರೂ ತಿರುಗುವಂಥದ್ದು. ಹೊಗೆಗೆ ಉದ್ದನೆಯ ಕೊಳವೆ, ಅದರ ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಗಾಜು; ಹತ್ತಿಯ ಬತ್ತಿಯನ್ನು ಉರಿಯಗೊಡದೆ ಹೊಗೆಯಾಡಿಸಿ, ದೀಪ ಎಷ್ಟು ಮಂಕಾದಾಗ ಗಂಟೆ ಹೊಡೆಯಿತು ಎಂದು ಗಾಜಿನಲ್ಲಿ ನೋಡುವುದು. ಇವೆಲ್ಲಕ್ಕಿಂತ ಜನ ಹೆದರುವುದು ತೇವದ ಮುಳ್ಳಿಗೆ. ಅದೊಂದು ಮರದ ಪೆಟ್ಟಿಗೆ. ಒಳಗೆ ಹೆಂಗಸಿನ ತಲೆಗೂದಲನ್ನು ಎಳೆದು ಕಟ್ಟಿರುತ್ತಾರೆ. ತೇವಕ್ಕೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ, ಅದಕ್ಕೆ ಸಿಕ್ಕಿಸಿದ ಮುಳ್ಳು ಏರುತ್ತದೆ, ಇಳಿಯುತ್ತದೆ. ಮುಳ್ಳು ಕೆಂಪು ಗೆರೆ ದಾಟಿತೋ, ಮನೆ ಪರೀಕ್ಷೆಯಲ್ಲಿ ಬಿದ್ದಂತೆ. ನನ್ನ ಪೆಟ್ಟಿಗೆಯಲ್ಲಿರುವ ಕೂದಲು ನನ್ನ ತಂಗಿ ದೇವೀರಿಯದು.

ಈ ಕೆಲಸಕ್ಕೆ ಓದು ಬರಹಕ್ಕಿಂತ ಮುಖ್ಯವಾಗಿ ಬೇಕಾದ್ದು ಒಳಗೆ ಏನೂ ಇಲ್ಲದಿರುವುದು. ಅಳೆಯಲು ಹೋದವರೇ ಮನೆಯ ಗಾಳಿ ಕೆಡಿಸಿದರೆ ಹೇಗೆ? ನಮ್ಮಪ್ಪ ತೀರಿಕೊಂಡ ದಿನ ಕಚೇರಿಯ ಜವರಯ್ಯನವರು ಮಾತಾಡಿಸಲು ಬಂದು ಚೀಲವನ್ನು ನಮ್ಮ ನಡುಮನೆಯ ಗೂಟಕ್ಕೆ ತಗುಲಿಹಾಕಿದ್ದರು. ಅವ್ವ ಅತ್ತಳು, ದೇವೀರಿ ಅತ್ತಳು, ಅತ್ತೆಯರು ಬಂದು ಅತ್ತರು, ಪೆಟ್ಟಿಗೆಯ ಮುಳ್ಳು ಮೇಲೇರಿ ನಿಂತಿತ್ತು. ಎಲ್ಲರೂ ಹೆಣದ ಹಿಂದೆ ಹೋದಮೇಲೆ, ಒಣಬಟ್ಟೆಯಲ್ಲಿ ಮನೆ ಒರೆಸಿ ನಾನೊಬ್ಬಳೇ ಪೆಟ್ಟಿಗೆಯ ಪಕ್ಕ ಕೂತಿದ್ದೆ. ಜವರಯ್ಯನವರು ವಾಪಸು ಬಂದು ನೋಡಿದರೆ ಮುಳ್ಳು ಇಳಿದು ಮಲಗಿತ್ತು. "ತಾಯಿ, ನೀನು ನಮ್ಮ ಕೆಲಸಕ್ಕೆ ಬಾ" ಎಂದರು. ಅವ್ವ ಅದಕ್ಕೆ, "ಕಲ್ಲು ಅದು, ಕರ್ಕೊಂಡೋಗಿ" ಎಂದಳು. ಆ ಕಲ್ಲು ತಂದ ಸಂಬಳದಲ್ಲೇ ಆಮೇಲೆ ಮನೆ ನಡೆಯಿತು ಎಂಬುದು ಬೇರೆ ಮಾತು.

ಬಿದ್ದ ಮನೆಯ ಒಲೆಗೆ ಬೀಗ. ಗಾಳಿ ಸರಿಹೋಗುವವರೆಗೆ ಬೇಯಿಸಿದ ಅನ್ನವಿಲ್ಲ, ನೆರೆಮನೆಯವರು ಕೊಡುವಂತೆಯೂ ಇಲ್ಲ. ಪಾತ್ರೆಯ ಜೊತೆಗೆ ತೇವವೂ ಬಂದೀತು ಎಂದು ಅವರಿಗೆ ಭಯ. ಗೆದ್ದ ಮನೆಯ ಬಾಗಿಲುವಾಡಕ್ಕೆ ನೀಲಿ ಬಿಲ್ಲೆ ಹೊಡೆಯುತ್ತೇವೆ. ಇನ್ನೊಂದು ಕಟ್ಟಳೆಯಿದೆ. ಬಿದ್ದ ಮನೆಯಿಂದ ಯಾರು ಬೇಕಾದರೂ ಎದ್ದು ಹೋಗಬಹುದು, ಸೊಸೆಯೇ ಆಗಲಿ ಮಗನೇ ಆಗಲಿ, ಕೇಳುವವರಿಲ್ಲ. ನೀಲಿ ಬಿಲ್ಲೆಯ ಮನೆ ಬಿಟ್ಟು ಬಂದವರನ್ನು ಮಾತ್ರ ಯಾರೂ ಇಟ್ಟುಕೊಳ್ಳುವಂತಿಲ್ಲ. ತವರಿಗೆ ಬಂದು ಹೋಗುವುದಕ್ಕೆ ತಕರಾರಿಲ್ಲ. ಬಂದು ಉಳಿಯಬೇಕೆಂದರೆ ಗಂಡನ ಮನೆ ಬಿದ್ದಿರಬೇಕು.

ಪರೀಕ್ಷೆ ಹತ್ತಿರ ಬಂತೆಂದರೆ ಊರಿನ ಚೆಂದ ನೋಡಬೇಕು. ಉಪ್ಪು ಹುರಿದು ತಟ್ಟೆಗೆ ಹಾಕಿ ಮಂಚದ ಕೆಳಗೆ, ಅಟ್ಟದ ಮೇಲೆ ಅಡಗಿಸಿಡುತ್ತಾರೆ, ತೇವ ಹೀರಲಿ ಎಂದು. ಅಳುವವರನ್ನೆಲ್ಲ ಕೆರೆ ಏರಿಯ ಮೇಲೆ ಕೂರಿಸಿ ಬರುತ್ತಾರೆ. ಗಂಡಹೆಂಡಿರು "ಪರೀಕ್ಷೆ ಮುಗೀಲಿ, ಆಮೇಲೆ ಮಾಡ್ತೀನಿ ನಿಂಗೆ" ಎಂದು ಹಲ್ಲು ಕಚ್ಚಿ ನಗುತ್ತಾರೆ. ನಾವು ಬಂದು, ಯಾರೂ ಎಂದೂ ಬದುಕದ ಒಂದು ಗಾಳಿಯನ್ನು ಅಳೆದು, ಬಿಲ್ಲೆ ಹೊಡೆದು ಹೋಗುತ್ತೇವೆ. ನಮ್ಮ ಬೆನ್ನ ಹಿಂದೆ ಕ್ಯಾಲೆಂಡರು ಬಡಿದುಕೊಳ್ಳಲು ಶುರುವಾಗುತ್ತದೆ. ಎಲ್ಲರಿಗೂ ಗೊತ್ತು, ಎಲ್ಲರೂ ಸುಮ್ಮನೆ.

ದೇವೀರಿ ನನಗಿಂತ ಚಿಕ್ಕವಳು, ಎಲ್ಲದಕ್ಕೂ ಅಳುವವಳು. ನಗು ಹೆಚ್ಚಾದರೂ ಅವಳಿಗೆ ಕಣ್ಣೀರು ಬರುತ್ತಿತ್ತು. ಅವಳು ಮನೆಯಲ್ಲಿದ್ದಷ್ಟು ಕಾಲ ನಮ್ಮ ಹಪ್ಪಳ ಗರಿಗರಿ ಎಂದಿದ್ದೇ ಇಲ್ಲ. ನನಗೆ ಹೊಸ ಪೆಟ್ಟಿಗೆ ಕೊಟ್ಟಾಗ ಕೂದಲು ನಾವೇ ಹೊಂದಿಸಿಕೊಳ್ಳಬೇಕಿತ್ತು. ಇವಳು ಜಡೆ ಬಿಚ್ಚಿ ಮುಂದೆ ಕೂತು, "ನನ್ನದೇ ತಗೊಳಕ್ಕ, ತೇವ ಅಂದ್ರೆ ಏನೂಂತ ಇದಕ್ಕೆ ಹೇಳ್ಕೊಡಬೇಕಾಗಿಲ್ಲ" ಎಂದಿದ್ದಳು. ಕಿತ್ತಾಗ ನೋವಾಗಿ ಅದಕ್ಕೂ ಅತ್ತಳು, ಅತ್ತು ನಕ್ಕಳು.

ಬೇರೆ ಕಡೆ ಜಾತಕ ನೋಡುತ್ತಾರೆ, ನಮ್ಮಲ್ಲಿ ಗಂಡಿನ ಮನೆಯ ಬಾಗಿಲುವಾಡ ನೋಡುತ್ತಾರೆ. ರಾಚಪ್ಪನ ಮನೆಯ ಬಾಗಿಲುವಾಡದಲ್ಲಿ ಮರವೇ ಕಾಣದಷ್ಟು ನೀಲಿ ಬಿಲ್ಲೆಗಳಿದ್ದವು. ಅಜ್ಜನ ಕಾಲದಿಂದ ಒಮ್ಮೆಯೂ ಬಿದ್ದ ಮನೆಯಲ್ಲ. ಅವ್ವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಲ್ಲಿ ಸೊಸೆಯಾಗಿ ಹೋದಮೇಲೆ ದೇವೀರಿಗೆ ತಿಳಿಯಿತು, ಆ ಮನೆಯಲ್ಲಿ ಗಾಳಿ ಯಾಕೆ ಅಲ್ಲಾಡುವುದಿಲ್ಲ ಎಂದು. ರಾಚಪ್ಪ ಹೊಡೆಯುವವನಲ್ಲ, ಬಯ್ಯುವವನಲ್ಲ; ಮಾತೇ ಆಡುವವನಲ್ಲ. ತಟ್ಟೆ ಮುಂದಕ್ಕೆ ತಳ್ಳಿದರೆ ಇನ್ನೊಂದು ಮುದ್ದೆ ಬೇಕು ಎಂದರ್ಥ. ಅತ್ತೆ ಚಿಕ್ಕತಾಯಮ್ಮ ಮಾತಾಡುತ್ತಿದ್ದರು, ಮೆಲ್ಲಗೆ. ಆ ಮೆಲುದನಿಗೆ ಚಕ್ರದ ಒಂದು ಎಲೆಯೂ ಕದಲುತ್ತಿರಲಿಲ್ಲ.

ಅಲ್ಲಿ ಅವಳಿಗೆ ಒಂದು ಗಂಡು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಪರೀಕ್ಷೆಯ ದಿನ ಹತ್ತಿರವಿತ್ತು. ಚಿಕ್ಕತಾಯಮ್ಮ ಅವಳ ತಲೆ ಸವರಿ, "ಪರೀಕ್ಷೆ ಒಂದು ಆಗ್ಲಿ ಮಗ, ಆಮೇಲೆ ಎಷ್ಟು ಬೇಕಾದ್ರೂ ಅಳುವಂತೆ" ಎಂದು, ಹಿತ್ತಲ ಕಡೆಯ ಸೌದೆ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟರು. ಆ ಕೋಣೆಗೆ ಗಂಟೆಯಿರಲಿಲ್ಲ. ಗಂಟೆಯಿಲ್ಲದ ಕೋಣೆಯನ್ನು ನಾವು ಅಳೆಯುತ್ತಿರಲಿಲ್ಲ. ಜವರಯ್ಯನವರು ಹೋಗಿ ನಡುಮನೆ ಅಳೆದು ಬಿಲ್ಲೆ ಹೊಡೆದು ಬಂದರು. ಆದಮೇಲೂ ಅವಳ ಚಾಪೆ ಸೌದೆ ಕೋಣೆಯಲ್ಲೇ ಉಳಿಯಿತು.

ಅಲ್ಲಿಂದ ಓಡಿ ನಮ್ಮ ಮನೆಗೆ ಬಂದಳು. ಬಂದವಳು ತಡೆದಿಟ್ಟಿದ್ದನ್ನೆಲ್ಲ ಅತ್ತಳು. ಗೋಡೆ ಬೆವರಿತು, ಹಾಸಿಗೆ ಮುಗ್ಗಲು ಹಿಡಿಯಿತು, ಉಪ್ಪಿನ ಜಾಡಿ ನೀರಾಯಿತು. ನಮ್ಮ ಬೀದಿಯ ಸರದಿ ಬಂದಾಗ ಜವರಯ್ಯನವರು ಪೆಟ್ಟಿಗೆ ತಂದು ತಗುಲಿಹಾಕಿದರೆ ಮುಳ್ಳು ಕೆಂಪು ಗೆರೆಯನ್ನು ದಾಟಿ ಪೆಟ್ಟಿಗೆಯ ಅಂಚಿಗೆ ಬಡಿಯಿತು. "ಏನ್ ಮಾಡ್ಲವ್ವ, ಮುಳ್ಳು ಸುಳ್ಳು ಹೇಳಲ್ಲ" ಎಂದು ಒಲೆಗೆ ಬೀಗ ಹಾಕಿದರು.

ನೆನೆಸಿದ ಅವಲಕ್ಕಿ ಎಷ್ಟು ದಿನ ತಿನ್ನಲಾದೀತು? ಅವ್ವನಿಗೆ ಮೊದಲು ಮಗಳ ಮೇಲೆ ಅಯ್ಯೋ ಅನ್ನಿಸುತ್ತಿತ್ತು, ಆಮೇಲೆ ಹೊಟ್ಟೆನೋವು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟಿಗೆ ಮನೆ ಕಾದು, ತೇವಕ್ಕೆ ಸೆಕೆ ಸೇರಿ ಕೂರಲಾಗಲಿಲ್ಲ. "ಒಬ್ಬಳು ಅತ್ಲು ಅಂತ ಎಷ್ಟು ಜನ ಉಪಾಸ ಬೀಳಬೇಕು? ಅವರ ಬಾಗಿಲಲ್ಲಿ ಅಷ್ಟು ಬಿಲ್ಲೆ ಇದಾವೆ, ಅವರು ಕೆಟ್ಟೋರಾ? ನಿನ್ನ ಕಣ್ಣೇ ಸರಿಯಿಲ್ಲ. ಹೋಗು, ಹೋಗಿ ಬಾಳು" ಎಂದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಕಲ್ಲಿಗೆ ಬಾಯಿ ಎಲ್ಲಿ?

ಬೀದಿಯ ಕೊನೆವರೆಗೆ ಅವಳನ್ನು ಬಿಟ್ಟುಬರಲು ಹೋದೆ. ಅಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಅಕ್ಕ, ಮುಂದಿನ ಪರೀಕ್ಷೆಗೆ ನೀನೇ ಬಾ. ಮುಳ್ಳನ್ನ ಸೌದೆ ಕೋಣೆಗೆ ತಂದು ನನ್ನ ಪಕ್ಕ ನೇತಾಕು. ಒಂದು ಗಳಿಗೆ ಸಾಕು. ಆ ಮನೆ ಬೀಳುತ್ತೆ. ನಾನು ಎದ್ದು ಬಂದುಬಿಡ್ತೀನಿ, ಆಗ ಅವ್ವಾನೂ ಬೇಡ ಅನ್ನಂಗಿಲ್ಲ."

ಬರುತ್ತೇನೆ ಎಂದೆ. ಆ ವರ್ಷವಿಡೀ ನಾನು ಮಾಡಿದ್ದು ಅದೊಂದೇ ಕೆಲಸ. ಕಚೇರಿಯ ಮೇಲಿನವರ ಬೆನ್ನು ಬಿದ್ದೆ. ಸೌದೆ ಕೋಣೆಗೇ ಮೊದಲು ಬೆಂಕಿ ಬೀಳುವುದು, ಮನುಷ್ಯರು ಮಲಗುವ ಎಲ್ಲ ಕೋಣೆಗೂ ಗಂಟೆ ಹಾಕಿಸಬೇಕು, ಅಲ್ಲೆಲ್ಲ ಅಳೆಯಬೇಕು ಎಂದು ಹೇಳಿ ಹೇಳಿ ನನ್ನ ನಾಲಗೆ ಸವೆಯಿತು. ನನ್ನ ಕಾಟ ತಪ್ಪಿದರೆ ಸಾಕು ಎಂದು ಕೊನೆಗೆ ಒಪ್ಪಿ, ಆ ಕೋಣೆಗಳಿಗೂ ಗಂಟೆ ಹಾಕಿಸಿದರು. ಜವರಯ್ಯನವರಿಂದ ಆ ಬೀದಿಯನ್ನು ಕೇಳಿ ಪಡೆದೆ. ದೇವೀರಿ ಆ ವರ್ಷ ತವರಿಗೆ ಬರಲಿಲ್ಲ, ಅವ್ವ ಕರೆಯಲೂ ಇಲ್ಲ. ಒಮ್ಮೆ ನಲ್ಲಿಯ ಹತ್ತಿರ ಕಂಡಳು. ತುಂಬಿದ ಕೊಡ ಎತ್ತಿಕೊಂಡು ಹೊರಟೇಹೋದಳು. ತಡಿ ದೇವೀರಿ, ಇನ್ನು ಸ್ವಲ್ಪ ದಿನ ತಡಿ ಎಂದು ಮನಸ್ಸಲ್ಲೇ ಅಂದುಕೊಂಡೆ.

ಆ ದಿನ ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತು ಬರಮಾಡಿಕೊಂಡರು. "ಬನ್ನಿ ಕೆಂಪಾಜಮ್ಮ. ನಮ್ಮೋರ ಕೈಯಲ್ಲೇ ಆಯ್ತದಲ್ಲ, ಅದೇ ಸಂತೋಷ." ರಾಚಪ್ಪ ಕಂಬಕ್ಕೊರಗಿ ನಿಂತು ತಲೆಯಾಡಿಸಿದ. ನಡುಮನೆಯಲ್ಲಿ ಚಕ್ರ ಸತ್ತಂತೆ ನಿಂತಿತ್ತು, ಮುಳ್ಳು ತಳದಲ್ಲಿ ಮಲಗಿತ್ತು, ಶಾಖ ಹದವಾಗಿತ್ತು. ಹೊಗೆ ಹಾಕಿದ್ದಕ್ಕೆ ಗಂಟೆ ಹೊಡೆಯಿತು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಚೀಲ ಹೆಗಲಿಗೇರಿಸಿ, "ಇನ್ನು ಹಿಂದಿನ ಕೋಣೆ" ಎಂದೆ. ಆಯಮ್ಮ ಅಡ್ಡ ಬರಬಹುದು, ಬೀಗದ ಕೈ ಕಳೆದಿದೆ ಎನ್ನಬಹುದು ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ಹೊಂದಿಸಿಕೊಂಡು ಹೋಗಿದ್ದೆ. "ಹೋಗಿ ನೋಡಿ, ಅದಕ್ಕೇನಂತೆ" ಎಂದು ದಾರಿ ಬಿಟ್ಟರು. ಅವರ ಆ ನೆಮ್ಮದಿ ಕಂಡು ನನಗೆ ಮೊದಲ ಸಲ ಹೆದರಿಕೆಯಾಯಿತು.

ದೇವೀರಿ ಸೌದೆ ಒಟ್ಟಿನ ಪಕ್ಕ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. "ಬಂದ್ಯಾಕ್ಕ? ಕೂತ್ಕೋ" ಎಂದಳು, ನೆರೆಮನೆಯವರಿಗೆ ಹೇಳುವಂತೆ. ನಾನು ಬಾಗಿಲು ಒರಗಿಸಿದೆ. ಉಪ್ಪಿನ ತಟ್ಟೆ ಎಲ್ಲಾದರೂ ಇಟ್ಟಿದ್ದಾರೆಯೇ ಎಂದು ಸೌದೆಯ ಹಿಂದೆ, ಚಾಪೆಯ ಕೆಳಗೆ, ಸೂರಿನ ಸಂದಿಯಲ್ಲಿ ಹುಡುಕಿದೆ. ಒಂದು ಚಿಟಿಕೆಯೂ ಇರಲಿಲ್ಲ. ಪೆಟ್ಟಿಗೆಯನ್ನು ಅವಳ ತಲೆಯ ಮೇಲಿನ ಗೂಟಕ್ಕೆ ಹಾಕಿ ಕಾದೆ.

ಮುಳ್ಳು ಏಳಲಿಲ್ಲ.

ಬೆರಳಿನಿಂದ ಪೆಟ್ಟಿಗೆ ತಟ್ಟಿದೆ. ಕೆಳಗಿಳಿಸಿ ಅವಳ ಮಡಿಲಲ್ಲೇ ಇಟ್ಟೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಪೆಟ್ಟಿಗೆಯೊಳಗೆ ಇಣುಕಿದಳು. "ನನ್ನ ಕೂದಲು! ಇನ್ನೂ ಅದೇ ಹಾಕಿದ್ದೀಯಾ?" ಯಾವುದೋ ಹಳೆಯ ಪರಿಚಯದವರನ್ನು ಕಂಡಂತೆ ಅವಳ ಮುಖದಲ್ಲಿ ಒಂದು ನಗು ಬಂದು ಹೋಯಿತು. ನನಗೆ ದಿಕ್ಕು ತೋಚಲಿಲ್ಲ. ಹೇಳಬಾರದ್ದನ್ನು ಹೇಳಿದೆ.

"ದೇವೀರಿ, ಕೂಸು ಯಾರ ಥರ ಇತ್ತೇ?"

"ನಮ್ಮಪ್ಪನ ಥರ ಇತ್ತು. ಹಣೆ ಎಲ್ಲ ಅಪ್ಪಂದೇ" ಎಂದಳು. ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಬದಿಗಿಟ್ಟಳು.

ಮುಳ್ಳು ಮಲಗಿಯೇ ಇತ್ತು. ಎಷ್ಟೋ ಮನೆ ಅಳೆದಿದ್ದೇನೆ, ಅಷ್ಟು ಒಣಗಿದ ಗಾಳಿಯನ್ನು ನಾನು ಎಲ್ಲೂ ಕಂಡಿಲ್ಲ.

"ಅಳೇ" ಎಂದೆ. "ಅಳೇ ದೇವೀರಿ, ಸ್ವಲ್ಪ ಅಳು. ಒಂದೇ ಗಳಿಗೆ ಅಂದಿದ್ದೆಯಲ್ಲ. ವರ್ಷ ಪೂರ್ತಿ ಇದಕ್ಕೋಸ್ಕರ ಒದ್ದಾಡಿದ್ದೀನಿ ಕಣೇ."

"ಬರಲ್ಲ ಕಣಕ್ಕ. ಇಲ್ಲಿಗೆ ವಾಪಸು ಬಂದಮೇಲೆ ನಿಲ್ಲಿಸೋದು ಕಲಿತುಬಿಟ್ಟೆ. ಕಷ್ಟ ಏನಲ್ಲ. ಅಕ್ಕ ಏನ್ ಮಾಡ್ತಿದ್ಲು ಅಂತ ನೆನೆಸ್ಕೊಳ್ಳೋದು, ಹಂಗೇ ಕೂತ್ಕೊಳ್ಳೋದು. ಈಗ ನಾನೂ ನಿನ್ನ ಥರಾನೇ." ಅದನ್ನು ಅವಳು ಚುಚ್ಚುಮಾತಾಗಿ ಹೇಳಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಅಕ್ಕನ ಹತ್ತಿರ ಹೊಲಿಗೆ ಕಲಿತೆ ಎಂದು ಹೇಳುವ ಹಾಗೆ, ಹೆಮ್ಮೆಯಿಂದ ಹೇಳಿದಳು.

ಅಪ್ಪ ಸತ್ತ ದಿನ ಬಾರದ್ದು, ಅವಳನ್ನು ಬೀದಿಯ ಕೊನೆಯಲ್ಲಿ ಬಿಟ್ಟು ತಿರುಗಿದ ದಿನ ಬಾರದ್ದು, ಆ ಸೌದೆ ಕೋಣೆಯಲ್ಲಿ ಬಂತು. ಅಳುವುದು ಹೇಗೆಂದು ಗೊತ್ತಿಲ್ಲದವಳು ಅತ್ತರೆ ಬಲು ಅಸಹ್ಯ; ಮೂಗು, ಬಾಯಿ, ಕೆಮ್ಮು ಎಲ್ಲ ಒಟ್ಟಿಗೆ. ಅವಳ ಮಡಿಲಲ್ಲಿದ್ದ ಪೆಟ್ಟಿಗೆಯಲ್ಲಿ ಮುಳ್ಳು ಸರಸರನೆ ಎದ್ದಿತು. ಕೆಂಪು ಗೆರೆ ದಾಟಿತು. ಅದನ್ನು ಕಂಡದ್ದೇ ನನ್ನ ತಲೆ ಓಡಿತು. ಮುಳ್ಳಿಗೇನು ಗೊತ್ತು ಯಾರ ಕಣ್ಣೀರೆಂದು? ಏರಲಿ, ಏರಿ ಅಂಚಿಗೆ ಬಡಿಯಲಿ. ಇನ್ನಷ್ಟು ಅತ್ತೆ, ಬೇಕೆಂದೇ ಅತ್ತೆ. ಬಾಗಿಲು ತೆರೆದು ಚಿಕ್ಕತಾಯಮ್ಮ ನಿಂತಿದ್ದರು, ಅವರ ಹಿಂದೆ ರಾಚಪ್ಪ.

"ಬಿತ್ತು" ಎಂದೆ. "ನಿಮ್ಮ ಮನೆ ಬಿತ್ತು. ನೋಡಿಕೊಳ್ಳಿ ಮುಳ್ಳನ್ನ."

ಚಿಕ್ಕತಾಯಮ್ಮ ದನಿ ಏರಿಸಲಿಲ್ಲ. "ಅಳೆಯಕ್ಕೆ ಬಂದೋರೇ ಅತ್ತರೆ ಅದು ಯಾವ ಲೆಕ್ಕ ಕೆಂಪಾಜಮ್ಮ? ದೇವೀರೀನೇ ಹೇಳ್ಲಿ. ಯಾರದು ಮಗ ಈ ತೇವ?"

ನಾನು ದೇವೀರಿಯ ಮುಖ ನೋಡಿದೆ. ಒಂದೇ ಒಂದು ಮಾತು, ನನ್ನದು ಎಂದರೆ ಮುಗಿಯಿತು. ಅವಳು ಮೊರ ಬದಿಗಿಟ್ಟು ಎದ್ದಳು.

"ಅಕ್ಕಂದು, ಅತ್ತೆ. ನಮ್ಮನೇದಲ್ಲ."

"ದೇವೀರಿ!" ಎಂದೆ. "ಬಾರೇ ನನ್ನ ಜೊತೆ. ಬಿಲ್ಲೆ ಮನೆ ಹಾಳಾಗ್ಲಿ, ಕಟ್ಟಳೆ ಹಾಳಾಗ್ಲಿ, ಸುಮ್ನೆ ಎದ್ದು ಬಾ."

"ಎಲ್ಲಿಗಕ್ಕ? ಅವ್ವನ ಒಲೆಗೆ ಇನ್ನೊಂದು ಸಲ ಬೀಗ ಹಾಕ್ಸೋಕಾ?" ಎಂದಳು. ಚಿಕ್ಕಂದಿನಲ್ಲಿ ಅವಳ ಮುಖವನ್ನು ನಾನು ಹೇಗೆ ಒರೆಸುತ್ತಿದ್ದೆನೋ ಹಾಗೇ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು, ಮೂಗು ಒರೆಸಿದಳು. ಆಮೇಲೆ ಸೆರಗಿನ ಒಣಗಿದ ಭಾಗ ಹುಡುಕಿ ಪೆಟ್ಟಿಗೆಯ ಗಾಜನ್ನೂ ಒರೆಸಿದಳು.

"ಅಳಬೇಡ ಸುಮ್ಮನಿರಕ್ಕ, ಪರೀಕ್ಷೆ ಕೆಡುತ್ತೆ."

ನಾನು ಸುಮ್ಮನಾದೆ. ಇನ್ನು ಅತ್ತು ಯಾರಿಗೆ ತೋರಿಸಲಿ? ನಾವೆಲ್ಲ ನಿಂತು ನೋಡುತ್ತಿದ್ದಂತೆ ಮುಳ್ಳು ಇಳಿಯುತ್ತಾ ಬಂದು ಕೆಂಪು ಗೆರೆ ದಾಟಿ, ತಳಕ್ಕೆ ಹೋಗಿ ಮಲಗಿತು. ಬತ್ತಿ ಹೊಗೆಯಾಡಿಸಿದೆ. ಹೊಸ ಗಂಟೆ ಒಂದೇ ಸಲಕ್ಕೆ ಹೊಡೆದುಕೊಂಡಿತು. ಅದರ ಸದ್ದಿಗೆ ಪಕ್ಕದ ಮನೆಯವರು ಹಿತ್ತಲಿಗೆ ಬಂದು, "ಆಯ್ತಾ ಚಿಕ್ಕತಾಯಮ್ಮ, ಈ ಸಲಾನೂ ಗೆದ್ರಾ?" ಎಂದು ಕೇಳಿದರು.

ಬಾಗಿಲುವಾಡದಲ್ಲಿ ಕೈಗೆಟಕುವ ಕಡೆ ಎಲ್ಲೂ ಜಾಗವಿರಲಿಲ್ಲ. ಬಿಲ್ಲೆಯನ್ನು ಮೇಲಿನ ಪಟ್ಟಿಗೇ ಹೊಡೆಯಬೇಕಾಯಿತು. ದೇವೀರಿ ಒಳಗಿನಿಂದ ಸ್ಟೂಲು ತಂದು ಹಾಕಿದಳು. ನಾನು ಮೊಳೆ ಹೊಡೆದು ಇಳಿಯುವವರೆಗೂ, ಅಕ್ಕ ಬಿದ್ದುಗಿದ್ದಾಳು ಎಂದು ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.